ಎದ್ದುಹೋದವರ ಪುಸ್ತಕ

ಯಾವುದಾದರೂ ಕಾರ್ಯಕ್ರಮದ ಮಧ್ಯದಲ್ಲಿ ಬೆನ್ನು ಬಗ್ಗಿಸಿಕೊಂಡು, ಚಪ್ಪಲಿ ಸದ್ದು ಮಾಡದೆ, ಯಾರೂ ನೋಡಲಿಲ್ಲ ಅಂದುಕೊಂಡು ಹೊರಗೆ ಬಂದಿದ್ದೀರಾ? ಬಂದೇ ಇರುತ್ತೀರಿ. ನನ್ನ ಪ್ರಶ್ನೆ ಅದಲ್ಲ. ಮರುದಿನ ಬೆಳಿಗ್ಗೆ ಯಾರಾದರೂ ಫೋನ್ ಮಾಡಿ, ಯಾಕೆ ಎದ್ದಿರಿ ಅಂತ ಕೇಳಿದ್ದುಂಟಾ?

ನನಗೆ ಆಗಿದೆ. ಸೋಮವಾರ ಬೆಳಿಗ್ಗೆ, ಒಂದು ಕೈಯಲ್ಲಿ ಮಗಳ ಡಬ್ಬ, ಇನ್ನೊಂದರಲ್ಲಿ ಬಾಚಣಿಗೆ ಇರುವ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಫೋನು.

"ನಮಸ್ಕಾರ. ರತ್ನಾಕರ ಮಾತಾಡುವುದು, ಕಲಾ ಸಂಘದಿಂದ. ನೀವು ನಿನ್ನೆ ಮೂರನೇ ದೃಶ್ಯದಲ್ಲಿ ಎದ್ದಿರಿ. ಬೋರಾ, ಟ್ರೈನಾ?"

ನಾನು ಮರ್ಯಾದೆಗೆ ಒಂದು ಸುಳ್ಳು ಬಿಟ್ಟೆ. "ಟ್ರೈನು."

"ಬಾಗಿಲ ಹತ್ರ ಪುಸ್ತಕದಲ್ಲಿ ಮಲಾಡ್ ವೆಸ್ಟ್ ಅಂತ ಬರ್ದಿದ್ದೀರಲ್ಲ. ನಮ್ಮ ನಾಟಕದ ಹಾಲು ಇರುವುದೂ ಮಲಾಡ್ ವೆಸ್ಟಲ್ಲೇ. ನಡ್ಕೊಂಡು ಬಂದವರಿಗೆ ಎಂತ ಟ್ರೈನು ಮಾರಾಯ್ರೆ?" ಆ ಕಡೆ ಕಾಗದ ಮಗುಚುವ ಸದ್ದು. "ಸರಿ, ಬೋರು ಅಂತ ಬರ್ಕೊಳ್ತೇನೆ. ಯಾವ ಮಾತಿಗೆ ಬೋರಾಯ್ತು ಅಂತ ಒಂಚೂರು ಹೇಳಿ."

ಡಬ್ಬ ಕೆಳಗಿಟ್ಟು ಹತ್ತು ನಿಮಿಷ ಹೇಳಿದೆ. ನಾಯಕ ಸಾಯುವುದಕ್ಕೆ ತೆಗೆದುಕೊಂಡ ಸಮಯದಲ್ಲಿ ನಾನು ಬೊರಿವಲಿಗೆ ಹೋಗಿ ವಾಪಸು ಬರಬಹುದಿತ್ತು ಎಂದೆ. ಅವರು ಒಂದಿಷ್ಟೂ ಬೇಸರಪಡದೆ "ಹೌದು, ಅವ ಸಾಯುವುದು ಜಾಸ್ತಿಯಾಯ್ತು" ಎಂದು ಬರೆದುಕೊಂಡರು. ಮುಂದಿನ ಪ್ರದರ್ಶನದಲ್ಲಿ ನಾಯಕ ಚಟಕ್ಕನೆ ಸತ್ತ. ನಾನು ಕೊನೆಯವರೆಗೆ ಕೂತೆ. ಅಲ್ಲಿಂದ ಮುಂದೆ ಸಂಘಕ್ಕೆ ನಾನು ಅಂಟಿಕೊಂಡೆ.

ರತ್ನಾಕರಣ್ಣ ಮುಂಬಯಿಯ ನಮ್ಮ ಕನ್ನಡ ಕಲಾ ಸಂಘದ ಕಾರ್ಯದರ್ಶಿ. ಉಡುಪಿ ಕಡೆಯವರು. ಚಿಕ್ಕ ವಯಸ್ಸಿಗೆ ಮಾಟುಂಗದ ಹೋಟೆಲಿಗೆ ಬಂದು, ಆಮೇಲೆ ಅಂಧೇರಿಯ ಒಂದು ಆಫೀಸಿನ ಕ್ಯಾಂಟೀನು ನೋಡಿಕೊಂಡು ನಿವೃತ್ತರಾದವರು. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಉದ್ದನೆಯ ಒಂದು ಪುಸ್ತಕ. ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಅವರು ಕೊನೆಯ ಸಾಲಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ವೇದಿಕೆ ನೋಡುತ್ತಿದ್ದದ್ದು ಕಡಿಮೆ. ಜನರ ತಲೆಯ ಹಿಂಭಾಗ ನೋಡುತ್ತಿದ್ದದ್ದೇ ಹೆಚ್ಚು. ಯಾರು ಎದ್ದರು, ಯಾವ ಮಾತಿಗೆ ಎದ್ದರು, ಎಲ್ಲವೂ ಆ ಪುಸ್ತಕಕ್ಕೆ. ಸೋಮವಾರ ಬೆಳಿಗ್ಗೆ ಫೋನು.

ಇದೆಂಥ ಸಿಐಡಿ ಕೆಲಸ ಅಂತ ನಾನೊಮ್ಮೆ ಕೇಳಿಬಿಟ್ಟೆ.

"ಕ್ಯಾಂಟೀನಲ್ಲಿ ನಾನು ಅಡುಗೆಯವನನ್ನು ಕೇಳ್ತಿರ್ಲಿಲ್ಲ, ಸಾಂಬಾರು ಹೇಗಾಗಿದೆ ಅಂತ. ಅವ ಚೆನ್ನಾಗುಂಟು ಅಂತಲೇ ಹೇಳುವುದು. ವಾಪಸು ಬಂದ ತಟ್ಟೆ ನೋಡ್ತಿದ್ದೆ. ಎಂತ ಬಿಟ್ಟಿದ್ದಾರೆ, ಎಷ್ಟು ಬಿಟ್ಟಿದ್ದಾರೆ. ಇಲ್ಲಿಯೂ ಅದೇ."

ಹಳಿ ರಿಪೇರಿಗೆ ಟ್ರೈನು ನಿಲ್ಲಿಸುವ ಮೆಗಾಬ್ಲಾಕ್ ಇದೆ ಅಂತ ಹೇಳಿ ಎದ್ದವರಿಗೆ ಮಾಫಿ. ಭಾನುವಾರ ಅಷ್ಟು ದೂರದ ಡೊಂಬಿವಲಿಯಿಂದ ಮಲಾಡಿನವರೆಗೆ ಬಂದವರು ಅರ್ಧ ನಾಟಕ ನೋಡಿದರೂ ಅದು ಪೂರ್ತಿ ನೋಡಿದ ಹಾಗೆ ಎಂಬುದು ಅವರ ಕಾನೂನು.

ಸಂಘದ ಕಾರ್ಯಕ್ರಮಗಳೇನು ಅಂತ ಕೇಳಿದರೆ, ವರ್ಷಕ್ಕೊಂದು ದೊಡ್ಡ ನಾಟಕ, ತಿಂಗಳಿಗೊಂದು ಉಪನ್ಯಾಸ, ಒಂದು ಯಕ್ಷಗಾನ, ಭಾನುವಾರ ಮಧ್ಯಾಹ್ನ ಮಕ್ಕಳ ರಂಗತರಗತಿ. ಎಲ್ಲ ಒಂದು ಶಾಲೆಯ ಹಾಲಿನಲ್ಲಿ. ಇನ್ನು ಮುಂದಿನ ಯೋಜನೆ. ಪ್ರತಿ ವರ್ಷದ ಮಹಾಸಭೆಯಲ್ಲಿ ಕೊನೆಯ ವಿಷಯ ಅದು, ಉತ್ತರ ಯಾವಾಗಲೂ ಒಂದೇ: ಸ್ವಂತ ಕಟ್ಟಡ. ಮುಂಬಯಿಯಲ್ಲಿ ಸ್ವಂತ ಕಟ್ಟಡದ ಯೋಜನೆ ಇಲ್ಲದ ಸಂಘವನ್ನು ನಾನು ನೋಡಿಲ್ಲ. ಅಧ್ಯಕ್ಷರು ಅದನ್ನು ಓದುತ್ತಾರೆ, ಎಲ್ಲರೂ ಬಟಾಟೆ ವಡೆ ತಿನ್ನುತ್ತಾ ಚಪ್ಪಾಳೆ ತಟ್ಟುತ್ತಾರೆ, ಎಣ್ಣೆ ಕೈಯಾದ್ದರಿಂದ ಸದ್ದು ಅಷ್ಟು ಬರುವುದಿಲ್ಲ. ರತ್ನಾಕರಣ್ಣ ಮಾತ್ರ ಪ್ರತಿ ಸಲ ಹಿಂದಿನಿಂದ ಕೇಳುತ್ತಿದ್ದರು:

"ಕಟ್ಟಡ ಕಟ್ಟುವ, ಅಧ್ಯಕ್ಷರೇ. ಒಳಗೆ ಕೂರುವವರು ಯಾರು?"

ಅವರ ತಲೆಯಲ್ಲಿದ್ದ ಯೋಜನೆ ಮಕ್ಕಳ ತರಗತಿ. ಅದು ನಿಂತರೆ ಇನ್ನು ಹತ್ತು ವರ್ಷಕ್ಕೆ ಹಾಲಿನಲ್ಲಿ ನಾವೇ ಕೆಲವರು ಮುದುಕರು ಒಬ್ಬರಿಗೊಬ್ಬರು ಸನ್ಮಾನ ಮಾಡಿಕೊಳ್ಳುತ್ತಾ ಇರಬೇಕಾದೀತು ಎಂದು ಅವರಿಗೆ ಖಾತ್ರಿಯಿತ್ತು. ಅಧ್ಯಕ್ಷರಿಗೆ ತರಗತಿಯ ಮೇಲೆ ಒಲವಿರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಕನ್ನಡ ಅಂದರೆ ಇಸ್ತ್ರಿ ಹಾಕಿಕೊಂಡೇ ಹೊರಗೆ ಬರಬೇಕು ಅನ್ನುವವರು. "ಅಕ್ಷರವೇ ಬಾರದ ಮಕ್ಕಳು ಎಂತ ನಾಟಕ ಮಾಡ್ತಾರೆ ರತ್ನಾಕರ? ಈ ಸಲ ಒಂದು ನಾಟಕ ಮಾಡಿಸು. ಸರಿಯಾದ್ರೆ ಮುಂದುವರಿಸುವ. ಇಲ್ಲದಿದ್ರೆ ಭಾನುವಾರದ ಹಾಲು ಭಜನೆಗೆ ಕೊಡುವ. ಅವರು ಕೇಳ್ತಾ ಇದ್ದಾರೆ."

ಅಂದರೆ ಒಂದೇ ನಾಟಕ, ಒಂದೇ ಅವಕಾಶ.

ರಾಜನೊಬ್ಬನ ಮೀಸೆ ಕಳ್ಳತನವಾಗುವ ಕಥೆಯನ್ನು ರತ್ನಾಕರಣ್ಣ ತಾವೇ ಬರೆದರು. ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದರು. ನಾಟಕಕ್ಕೆ ನಾಲ್ಕು ದಿನ ಇದೆ ಅನ್ನುವಾಗ ರಾಣಿ ಆಗಬೇಕಿದ್ದ ಹುಡುಗಿಗೆ ಚಿಕನ್‌ಪಾಕ್ಸ್. ಆಗ ಹನ್ನೊಂದು ವರ್ಷದ ನನ್ನ ಮಗಳು ರಿಯಾ ತರಗತಿಗೆ ಹೋಗುತ್ತಿದ್ದಳು, ಆದರೆ ಆ ನಾಟಕದಲ್ಲಿ ಬರೇ ಒಂದು ಮರವಾಗಿದ್ದಳು. ಮರಕ್ಕೆ ಬಡ್ತಿ ಸಿಕ್ಕಿ ರಾಣಿಯಾಯಿತು.

ರಿಯಾಗೆ ಕನ್ನಡ ಅರ್ಥವಾಗುತ್ತದೆ, ಮಾತು ಕುಂಟುತ್ತದೆ, ಓದಲು ಬರುವುದಿಲ್ಲ. ತಪ್ಪು ನನ್ನದೇ, ಬೈಯುವವರು ಬೈದುಕೊಳ್ಳಿ. ನಾನು ಆಫೀಸಿಗೆ ಹೋಗುವ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಇಡೀ ನಾಟಕವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ ಅವಳಿಗೆ ಕಳಿಸಿದೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಟೈಪು. ಆ ಗಡಿಬಿಡಿಯಲ್ಲಿ ಕಂಸ ಹುಡುಕುವವರು ಯಾರು? ರಂಗಸೂಚನೆಗಳ ಸುತ್ತ ಇದ್ದ ಕಂಸಗಳನ್ನೆಲ್ಲ ಬಿಟ್ಟುಬಿಟ್ಟೆ. ನಾಲ್ಕು ದಿನ, ಅಮ್ಮ ಆಫೀಸಿನಲ್ಲಿದ್ದ ಹೊತ್ತಿನಲ್ಲಿ, ಆ ಮಗು ಕೂತು ಅಕ್ಷರ ಬಿಡದೆ ಕಲಿಯಿತು. ರಿಹರ್ಸಲಿಗೆ ಅವಳ ಪರೀಕ್ಷೆ ಅಡ್ಡ ಬಂತು. "ಎಲ್ಲ ಬರ್ತದೆ ಮಮ್ಮಿ" ಅಂದಳು. ನಾನು ನಂಬಿದೆ.

ನಾಟಕದ ದಿನ ಸಂಜೆ ನಾಲ್ಕಕ್ಕೆ ಹಾಲು ಮುಕ್ಕಾಲು ತುಂಬಿತ್ತು. ಅಧ್ಯಕ್ಷರು ಮುಂದಿನ ಸಾಲಿನ ಸೋಫಾದಲ್ಲಿ. ರತ್ನಾಕರಣ್ಣ ಕೊನೆಯ ಸಾಲಿನಲ್ಲಿ, ಪುಸ್ತಕ ಬಿಚ್ಚಿಕೊಂಡು. ರಾಜ ಸಿಂಹಾಸನದ ಮೇಲೆ ಗೊರಕೆ ಹೊಡೆಯುತ್ತಿದ್ದ. ರಿಯಾ ನನ್ನ ರೇಷ್ಮೆ ದುಪಟ್ಟಾ ಸುತ್ತಿಕೊಂಡು ಗಂಭೀರವಾಗಿ ನಡೆದು ಬಂದು, ಸಭೆಯತ್ತ ತಿರುಗಿ, ಒಂದೇ ಉಸಿರಿಗೆ ಹೇಳಿದಳು:

"ಎಡಗಡೆಯಿಂದ ಬಂದು ಗಾಬರಿಯಿಂದ ಮಹಾಪ್ರಭೂ ನಿಮ್ಮ ಮೀಸೆ ಎಲ್ಲಿ!"

ಇಡೀ ಹಾಲು ಒಮ್ಮೆಗೇ ಗೊಳ್ಳೆಂದಿತು. ಜನ ತೊಡೆ ತಟ್ಟಿಕೊಂಡು ನಕ್ಕರು. ಅಧ್ಯಕ್ಷರು ಹಣೆಗೆ ಕೈ ಇಟ್ಟುಕೊಂಡರು. ಆ ತಪ್ಪು ಎಲ್ಲಿಂದ ಬಂತೆಂದು ಆ ಹಾಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ರಿಯಾಗೆ ನಗು ಯಾಕೆಂದೇ ತಿಳಿಯಲಿಲ್ಲ. ಅವಳ ಕೆಳತುಟಿ ನಡುಗಲು ಶುರುವಾಯಿತು. ಇನ್ನರ್ಧ ನಿಮಿಷ ಹೋಗಿದ್ದರೆ ಅಳು, ಅಳು ಬಂದಿದ್ದರೆ ನಾಟಕ ಮುಗಿದ ಹಾಗೆ, ನಾಟಕದ ಜೊತೆ ತರಗತಿಯೂ.

ಆಗ ಕೊನೆಯ ಸಾಲಿನಿಂದ ರತ್ನಾಕರಣ್ಣನ ಸ್ವರ ಕೇಳಿತು. ಕಥೆ ಕೇಳುತ್ತಿರುವ ಮಗುವಿನ ಧ್ವನಿ, ಅಷ್ಟೇ ಕುತೂಹಲ.

"ಆಮೇಲೆ?"

ರಿಯಾ ಆ ಕಡೆ ನೋಡಿದಳು. ಮೂಗು ಒರೆಸಿಕೊಂಡಳು. "ಎರಡು ಹೆಜ್ಜೆ ಮುಂದೆ ಬಂದು" ಎಂದು ಹೇಳಿ, ಎರಡು ಹೆಜ್ಜೆ ಮುಂದೆ ಬಂದಳು. "ಕೈ ಹಿಸುಕಿಕೊಳ್ಳುತ್ತಾ" ಎಂದು ಹೇಳಿ, ಕೈ ಹಿಸುಕಿಕೊಂಡಳು. ಸಭೆಗೆ ಇದೇ ನಾಟಕದ ಕ್ರಮ ಇರಬೇಕು ಅನ್ನಿಸಿತೋ ಏನೋ, ಚಪ್ಪಾಳೆ ಬಿತ್ತು. ರಾಜನಾಗಿದ್ದ ಬೊರಿವಲಿಯ ಹುಡುಗ ಮಹಾ ಚಾಲಾಕು. ಅವನು ಎದ್ದು ನಿಂತು "ತುಂಬಾ ಕೋಪದಿಂದ!" ಎಂದು ಘೋಷಿಸಿ ಆಮೇಲೆ ಕೋಪ ಮಾಡಿಕೊಂಡ. ಮಂತ್ರಿ "ಹೆದರಿದ ಹಾಗೆ ಮಾಡಿ, ಒಳಗೊಳಗೆ ನಗುತ್ತಾ" ಎಂದ. ಕಳ್ಳ ಯಾರೆಂದು ಅಲ್ಲಿಯೇ ಎಲ್ಲರಿಗೂ ಗೊತ್ತಾಗಿಹೋಯಿತು, ಆದರೆ ಯಾರಿಗೆ ಬೇಕಾಗಿತ್ತು ಅದು!

ಪರದೆ ಬಿದ್ದ ಮೇಲೆ ರಿಯಾ ನನ್ನನ್ನು ಮೂಲೆಗೆ ಎಳೆದಳು. "ಮಮ್ಮೀ, ಸಬ್ ಲೋಗ್ ಯಾಕೆ ನಗ್ತಿದ್ರು? ನಾನು ರಾಂಗ್ ಹೇಳಿದ್ನಾ?" ನಾನು ತಪ್ಪೊಪ್ಪಿಕೊಳ್ಳುವ ಮೊದಲೇ ರತ್ನಾಕರಣ್ಣ ಬಂದು ಅವಳ ತಲೆ ಸವರಿದರು. "ಬರ್ದು ಕೊಟ್ಟದ್ದು ಅಷ್ಟನ್ನೂ ನೀನು ಹೇಳಿದ್ದೀ. ಅಷ್ಟು ಪ್ರಾಮಾಣಿಕವಾಗಿ ನಮ್ಮ ಸಂಘದಲ್ಲಿ ಯಾರೂ ಪಾರ್ಟು ಕಲಿತದ್ದಿಲ್ಲ."

ಮುಂದಿನ ವಾರ ಸಮಿತಿ ಸಭೆ. ನಾನೂ ಹೋಗಿದ್ದೆ, ಕಂಸದ ಕಥೆ ಒಪ್ಪಿಕೊಂಡೆ. ಅಧ್ಯಕ್ಷರು ಕರಗಲಿಲ್ಲ.

"ಅದೆಲ್ಲ ಇರಲಿ ತಂಗಿ. ಇದನ್ನು ನಾಟಕ ಅಂತಾರಾ? ಮಾಟುಂಗದಿಂದ ದೊಡ್ಡ ದೊಡ್ಡವರು ಬಂದಿದ್ರು. ಮರ್ಯಾದೆ ಹೋಯ್ತು."

ರತ್ನಾಕರಣ್ಣ ವಾದ ಮಾಡಲಿಲ್ಲ. ಉದ್ದನೆಯ ಪುಸ್ತಕ ತೆಗೆದು, ಆ ದಿನದ ಪುಟ ಬಿಚ್ಚಿ ಅಧ್ಯಕ್ಷರ ಮುಂದೆ ಸರಿಸಿದರು. ಮೇಲೆ ನಾಟಕದ ಹೆಸರು. ಕೆಳಗೆ ಖಾಲಿ.

"ಬರೆಯುವುದು ಮರ್ತೆಯಾ?"

"ಯಾರೂ ಏಳ್ಲಿಲ್ಲ ಅಧ್ಯಕ್ಷರೇ. ಮೆಗಾಬ್ಲಾಕಿದ್ದವರೂ ಏಳ್ಲಿಲ್ಲ. ನಾನು ಪುಸ್ತಕ ಬರೀಲಿಕ್ಕೆ ಶುರು ಮಾಡಿದ ಮೇಲೆ ಖಾಲಿ ಪುಟ ಇದೊಂದೇ." ಹಿಂದಿನ ಪುಟ ತಿರುಗಿಸಿದರು. "ಇದು ನಿಮ್ಮ ಉಪನ್ಯಾಸದ್ದು. ಓದ್ಬೇಕಾ?"

"ಬೇಡ" ಎಂದರು ಅಧ್ಯಕ್ಷರು. ಚಹಾ ಹೀರಿ, "ನಾನು ಕೂಡ ಏಳ್ಲಿಲ್ಲ ಅನ್ನು" ಎಂದು ನಕ್ಕರು. ಅವರು ಒಳ್ಳೆಯ ಮನುಷ್ಯ ಅಂದೆನಲ್ಲ. ತರಗತಿ ಉಳಿಯಿತು. ಭಜನೆಯವರಿಗೆ ಶನಿವಾರ ಸಿಕ್ಕಿತು. ಆ ವರ್ಷದ ಮಹಾಸಭೆಯಲ್ಲಿ ಮುಂದಿನ ಯೋಜನೆ ಎಂಬಲ್ಲಿ ಸ್ವಂತ ಕಟ್ಟಡದ ಮೇಲೆ ಒಂದು ಹೊಸ ಸಾಲು ಸೇರಿತು: ಸೂಚನೆಗಳನ್ನೂ ಮಾತಾಡುವ ಮಕ್ಕಳ ನಾಟಕ, ಕರೆದ ಹೌಸಿಂಗ್ ಸೊಸೈಟಿಯ ಅಂಗಳದಲ್ಲೆಲ್ಲ. ವಡೆ ಆಗ ಇನ್ನೂ ಬಂದಿರಲಿಲ್ಲವಾದ್ದರಿಂದ ಚಪ್ಪಾಳೆ ಜೋರಾಗಿಯೇ ಕೇಳಿಸಿತು.

ಹಾಗೆ ಎಷ್ಟೋ ಕಾಂಪೌಂಡುಗಳಲ್ಲಿ ಮಕ್ಕಳು ಆಡಿದರು. ಕನ್ನಡ ಬಾರದ ನೆರೆಯವರೂ ನೋಡಿದರು, ಯಾಕೆಂದರೆ ಮಕ್ಕಳು ಹೇಳಿದ್ದನ್ನೆಲ್ಲ ಆಗಲೇ ಮಾಡಿಯೂ ತೋರಿಸುತ್ತಿದ್ದರಲ್ಲ. ನಮ್ಮ ಹಾಲು ಗುಡಿಸುವ ಮಲ್ಲವ್ವ ಕಲಬುರಗಿ ಕಡೆಯವಳು. ಅವಳ ಮೊಮ್ಮಗಳು ಲಕ್ಷ್ಮಿಯೂ ತರಗತಿಗೆ ಸೇರಿದಳು. ಮಲ್ಲವ್ವ ಮಾತ್ರ ಎಷ್ಟು ವರ್ಷ ಆ ಹಾಲಿನ ಕುರ್ಚಿ ಒರೆಸಿದರೂ ಒಂದರಲ್ಲೂ ಕೂತವಳಲ್ಲ. ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಕೂರು ಅಂದರೆ "ನಾ ಇಲ್ಲೇ ನಿಂದರ್ತೀನ್ರೀ ಯಕ್ಕಾ, ಕುಂತ್ರ ನಿದ್ದಿ ಬರ್ತದ" ಎಂಬ ನೆವ.

ಕಳೆದ ವರ್ಷದ ವಾರ್ಷಿಕೋತ್ಸವ. ಮೊದಲ ಸಲ ಹಾಲು ಪೂರ್ತಿ ತುಂಬಿತ್ತು. ರಿಯಾ ಈಗ ಕಾಲೇಜು, ಮಕ್ಕಳಿಗೆ ನಾಟಕ ಕಲಿಸುವವಳು ಅವಳೇ. ಕನ್ನಡ ಇನ್ನೂ ಕುಂಟುತ್ತದೆ, ಆದರೆ ನಿಲ್ಲುವುದಿಲ್ಲ. ಲಕ್ಷ್ಮಿಗೆ ಮುಖ್ಯ ಪಾತ್ರ. ಎರಡನೇ ದೃಶ್ಯ ನಡೆಯುತ್ತಿದ್ದಾಗ ನಾನು ಹಿಂದೆ ತಿರುಗಿ ನೋಡಿದೆ. ರತ್ನಾಕರಣ್ಣನ ಕುರ್ಚಿಯಲ್ಲಿ ರತ್ನಾಕರಣ್ಣ ಇರಲಿಲ್ಲ, ಕತ್ತಲಲ್ಲಿ ಬೇರೆ ಯಾರೋ ಕೂತ ಹಾಗಿತ್ತು. ನಾಟಕ ಮುಗಿದ ಮೇಲೂ ಸಿಗಲಿಲ್ಲ. ಪುಸ್ತಕವನ್ನು ರಿಯಾಗೆ ಕೊಡಲು ಹೇಳಿ ಹೊರಟುಹೋಗಿದ್ದರಂತೆ.

ಮರುದಿನ ಬೆಳಿಗ್ಗೆ ರಿಯಾ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ಧ್ವನಿಯಲ್ಲಿ ಸ್ವಲ್ಪ ಕೋಪವೂ ಇತ್ತು.

"ನಮಸ್ಕಾರ ಅಜ್ಜಾ. ರಿಯಾ, ಕಲಾ ಸಂಘದಿಂದ. ನೀವು ನಿನ್ನೆ ಸೆಕೆಂಡ್ ಸೀನಲ್ಲಿ ಎದ್ದಿರಿ. ಬೋರಾ, ಟ್ರೈನಾ?"

ಆ ಕಡೆ ನಗು, ನಗುವಿನ ಹಿಂದೆ ಸ್ವಲ್ಪ ಏದುಸಿರು. "ಎರಡೂ ಅಲ್ಲ ಮಾರಾಯ್ತಿ. ಮಲ್ಲವ್ವ ಬಾಗಿಲಲ್ಲಿ ನಿಂತಿದ್ಲು. ಲಕ್ಷ್ಮಿ ಮಾತಾಡ್ಲಿಕ್ಕೆ ಶುರು ಮಾಡಿದ್ದೇ ಅವಳು ಗೋಡೆ ಹಿಡ್ಕೊಂಡ್ಲು. ಹಾಲಲ್ಲಿ ಬೇರೆ ಕುರ್ಚಿ ಇರ್ಲಿಲ್ಲ. ನಾನೆದ್ದೆ. ನಿನ್ನೆ ಕೂತ್ಲು ನೋಡು."

"ಆಮೇಲೆ?" ಎಂದಳು ರಿಯಾ.

"ಆಮೇಲೆ ಎಂತ? ಹೊರಗೆ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ. ಮುಖ ಕಾಣದಿದ್ರೆ ಯಾವುದು ಕರಾವಳಿ ಮಗು, ಯಾವುದು ಕಲಬುರಗಿ ಮಗು ಅಂತ ಗೊತ್ತಾಗುವುದಿಲ್ಲ. ಎಲ್ಲ ಮಲಾಡಿನ ಕನ್ನಡ. ಚೆನ್ನಾಗುಂಟು. ಬರ್ಕೋ: ರತ್ನಾಕರ, ಎರಡನೇ ದೃಶ್ಯ, ಕುರ್ಚಿ ಕಮ್ಮಿ."

ನಾವಿಬ್ಬರು ಅವರ ಧ್ವನಿ ಕೇಳಿದ್ದು ಅದೇ ಕೊನೆ. ಎರಡು ತಿಂಗಳ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸಂಘದಲ್ಲಿ ದೊಡ್ಡ ಶ್ರದ್ಧಾಂಜಲಿ ಸಭೆಯಾಯಿತು. ಅಧ್ಯಕ್ಷರು ಮಾತಾಡಲು ಎದ್ದು, ಐದೇ ನಿಮಿಷಕ್ಕೆ ನಿಲ್ಲಿಸಿ, ಕೊನೆಯ ಸಾಲಿನ ಕಡೆಗೆ ನೋಡಿ ಕೂತರು. ಕೊನೆಯ ಸಾಲಿನಲ್ಲಿ ರಿಯಾ ಇದ್ದಳು, ಪುಸ್ತಕ ಬಿಚ್ಚಿಕೊಂಡು. ಅವಳ ಪಕ್ಕದ ಕುರ್ಚಿಯಲ್ಲಿ ಮಲ್ಲವ್ವ.

ಆ ಪುಸ್ತಕ ಈಗ ನಮ್ಮ ಮನೆಯ ಶೋಕೇಸಿನಲ್ಲಿದೆ. ಮೊನ್ನೆ ತೆಗೆದು ನೋಡಿದೆ. ಅವರ ದುಂಡು ಅಕ್ಷರಗಳು ಮುಗಿದಲ್ಲಿ ಸೊಟ್ಟ ಸೊಟ್ಟ ಕನ್ನಡದಲ್ಲಿ ಅವರ ಹೆಸರಿದೆ. ಮಗಳು ಈ ಅಕ್ಷರಗಳನ್ನು ಯಾವಾಗ ಕಲಿತಳು ಅಂತ ನನಗೆ ಗೊತ್ತೇ ಇರಲಿಲ್ಲ.

ನಿಮ್ಮ ಊರಿನ, ನಿಮ್ಮ ಸಂಘದ ಕೊನೆಯ ಸಾಲಿನಲ್ಲೂ ಇಂಥವರೊಬ್ಬರು ಕೂತಿರುತ್ತಾರೆ, ಅಥವಾ ಕೂತಿದ್ದರು. ಅವರ ಬಗ್ಗೆ ಕೆಳಗೆ ಬರೆಯಿರಿ. ಕನ್ನಡ ಅಕ್ಷರ ಬಾರದಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಕಂಸ ಬಿಟ್ಟರೂ ಅಡ್ಡಿಯಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ನಾನು ಬಿಡುವವಳಲ್ಲ. ಆಮೇಲೆ ಅಂತ ಕೇಳಿಯೇ ಕೇಳುತ್ತೇನೆ.