ಕೊನೆಯ ಚರಣ ಇಲ್ಲದ ಮಂಗಳ

ಸಂಜೆ ದೀಪ ಹಚ್ಚಿದ ಮೇಲೆ ಕೌಸಲ್ಯಕ್ಕ ಮಾಡುವ ಮೊದಲ ಕೆಲಸ ತಾಳಕ್ಕೆ ತಾಳ ತಾಗಿಸುವುದು. ಒಂದೇ ಸಲ, ಮೆಲ್ಲಗೆ. ಆಮೇಲೆ ಬಲಗೈಯ ತಾಳವನ್ನು ಕಿವಿಯ ಹತ್ತಿರ ಹಿಡಿದು, ಆ ನಾದ ಪೂರ್ತಿ ಅಡಗುವವರೆಗೆ ಕಣ್ಣು ಮುಚ್ಚಿ ಕೂತಿರುತ್ತಾರೆ. ಅವರ ಮನೆಯಲ್ಲಿ ಹಾರ್ಮೋನಿಯಂ ಇಲ್ಲ. ಶ್ರುತಿ ಸಿಗುವುದು ಅಲ್ಲಿಂದಲೇ. ಜ್ವರ ಬಂದ ದಿನವೂ, ನೆಂಟರು ತುಂಬಿದ ದಿನವೂ, ಮಗಳ ಮದುವೆ ಮುಗಿಸಿ ಬಂದು ಕಾಲು ನಿಲ್ಲದಿದ್ದ ಸಂಜೆಯೂ ಅದು ತಪ್ಪಿದ್ದಿಲ್ಲ. ಈಗ ಹಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದರೂ ತಾಳ ತಾಗುತ್ತದೆ, ಅವರು ಕಿವಿಗೊಟ್ಟು ಕೂರುತ್ತಾರೆ, ನಾದ ಅಡಗುತ್ತದೆ. ಅದರ ನಂತರ ಬರಬೇಕಾದದ್ದು ಬರುವುದಿಲ್ಲ.

ಕೋಡಿಂಬಾಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ರಬ್ಬರ್ ತೋಟ. ಗಾಳಿ ಈಚೆಗೆ ಬೀಸಿದರೆ ಅವರ ತಾಳ ನನಗೆ ಕೇಳಿಸುತ್ತದೆ. ಭಜನಾ ಮಂದಿರದಲ್ಲಿ ಶನಿವಾರದ ಮಹಿಳಾ ಭಜನೆಗೆ ಅವರೇ ಮುಂದೆ. ಅವರು ಒಂದು ಸಾಲು ಹೇಳಿದರೆ ನಾವು ಹಿಂದಿನಿಂದ ಹೇಳುವವರು. ಹಾಗೆ ಹೇಳಿ ಹೇಳಿಯೇ ನನ್ನಂಥವರು ಪಾಠವಿಲ್ಲದೆ ಇಷ್ಟು ಹಾಡು ಕಲಿತದ್ದು.

ಭಜನೆ ಮುಗಿಯುವುದು ಮಂಗಳದಿಂದ. ನಮ್ಮ ಕಡೆಯ ಮಂದಿರಗಳಲ್ಲೆಲ್ಲ ಹಾಡುವ ಹಳೆಯ ಮಂಗಳವೊಂದುಂಟು. ದೀಪಕ್ಕೆ, ತುಳಸಿಗೆ, ಮನೆ ದೇವರಿಗೆ, ಊರಿಗೆ ಒಂದೊಂದು ಚರಣದಲ್ಲಿ ಒಳ್ಳೆಯದಾಗಲಿ ಎನ್ನುವ ಹಾಡು. ಎಲ್ಲ ಕಡೆ ಅದನ್ನು ಹಾರ್ಮೋನಿಯಂ ಜೊತೆ ಚುರುಕಾಗಿ ಹಾಡುತ್ತಾರೆ. ಕೌಸಲ್ಯಕ್ಕನ ಮನೆಯಲ್ಲಿ ಮಾತ್ರ ಅದಕ್ಕೆ ಬೇರೆ ರಾಗ. ಶನಿವಾರ ಮಂದಿರದಲ್ಲಿ ಅವರು ಮುಂದೆ ಕೂತರೆ ಅದೇ ರಾಗ.

ಆ ರಾಗ ಅವರ ಅತ್ತೆಯದು. ಈಗ ರಬ್ಬರ್ ಇರುವಲ್ಲಿ ಆಗ ಗದ್ದೆಯಿತ್ತು. ನೇಜಿ, ಎಂದರೆ ಭತ್ತದ ಸಸಿ, ನೆಡಲು ಬರುತ್ತಿದ್ದ ಹೆಂಗಸರಿಗೆ ಚಾವಡಿ ಹತ್ತುವಂತಿರಲಿಲ್ಲ. ಶನಿವಾರ ಸಂಜೆ ಅಂಗಳದ ಕೊನೆಯಲ್ಲಿ ನಿಂತು ಮಂಗಳ ಕೇಳಿ ಹೋಗುತ್ತಿದ್ದರು. ಮರುದಿನ ಗದ್ದೆಯಲ್ಲಿ ಅದೇ ಮಾತುಗಳನ್ನು ತಮ್ಮ ನೇಜಿಯ ರಾಗಕ್ಕೆ ಕೂರಿಸಿ ಹಾಡುತ್ತಿದ್ದರು. ಗಂಜಿ ಕೊಂಡುಹೋಗುತ್ತಿದ್ದ ಅತ್ತೆ ಬದುವಿನಲ್ಲಿ ನಿಂತು ಕೇಳಿದರು. ಆಮೇಲೆ ದೀಪದ ಎದುರು ಹಾಗೆಯೇ ಹಾಡತೊಡಗಿದರು. "ಗದ್ದೆಯ ರಾಗ ದೇವರ ಎದುರು ಎಂತಕ್ಕೆ?" ಎಂದು ಮನೆಯ ಹಿರಿಯರು ಗದರಿದರಂತೆ. "ದೇವರಿಗೆ ಗದ್ದೆಯ ಅಕ್ಕಿ ಆಗ್ತದಲ್ಲ" ಎಂದು ಅತ್ತೆ ಹೇಳಿದರಂತೆ. ಈಶ್ವರಮಂಗಲದಿಂದ ಸೊಸೆಯಾಗಿ ಬಂದ ಕೌಸಲ್ಯಕ್ಕನಿಗೆ, ಹುಟ್ಟಿದಾಗಿನಿಂದ ಬಾಯಿಪಾಠವಿದ್ದ ಹಾಡು ಮೊದಲ ಸಂಜೆ ಗುರುತೇ ಸಿಗಲಿಲ್ಲ.

ಆ ರಾಗದಲ್ಲಿ ಮೊದಲ ಚರಣಗಳೆಲ್ಲ ತಗ್ಗಿನಲ್ಲಿ ಹೋಗುತ್ತವೆ. ಬಗ್ಗಿ ನೆಡುವವರ ಉಸಿರು ಗಿಡ್ಡ, ಅದಕ್ಕೆ ಸಾಲು ನಡುವೆಯೇ ತುಂಡಾಗುತ್ತದೆ. ಕೊನೆಯ ಚರಣ ಬೇರೆ. ಗದ್ದೆ ಮುಗಿದು ಎಲ್ಲರೂ ಸೊಂಟ ನೆಟ್ಟಗೆ ಮಾಡಿ, ಆಚೆ ಗದ್ದೆಯವರಿಗೆ ಕೇಳುವ ಹಾಗೆ ಕೂ ಹಾಕುತ್ತಿದ್ದರಲ್ಲ, ಆ ಏರು ಅದರಲ್ಲಿದೆ. ಕೌಸಲ್ಯಕ್ಕ ಅಲ್ಲಿಗೆ ಬಂದಾಗ ಹಿಂದೆ ಕೂತ ನಮಗೂ ಬೆನ್ನು ನೆಟ್ಟಗಾಗುತ್ತಿತ್ತು. ಆ ಏರನ್ನು ಅವರಿಗೇ ಬಿಟ್ಟು, ಕೊನೆಯ ಸ್ವರವನ್ನಷ್ಟೇ ನಾವು ಹಿಡಿಯುತ್ತಿದ್ದೆವು. ಅದು ಎಷ್ಟು ದೊಡ್ಡ ನಷ್ಟ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ದೀಪಾವಳಿಯ ನಂತರ ಅವರ ಸ್ವರ ಒಡೆಯತೊಡಗಿತು. ರಬ್ಬರ್ ಶೀಟು ಒಣಗಿಸುವ ಹೊಗೆ ಇರಬಹುದೆಂದು ಕಷಾಯ ಕುಡಿದರು. ಕೊನೆಗೆ ಪುತ್ತೂರಿನಲ್ಲಿ ಗಂಟಲೊಳಗೆ ಕ್ಯಾಮರಾ ಇಳಿಸಿ ನೋಡಿದಾಗ ಸ್ವರತಂತುವಿನ ಮೇಲೆ ಒಂದು ಗಂಟು ಕಂಡಿತು. ಮಂಗಳೂರಿನಲ್ಲಿ ತೆಗೆಸಬೇಕು, ಅಲ್ಲಿಯವರೆಗೆ ಹಾಡಬಾರದು, ಆಮೇಲೆ ಸ್ವರ ಹೇಗಿರುತ್ತದೆಂದು ಈಗ ಹೇಳಲಾಗದು ಎಂದರು ಡಾಕ್ಟರು.

ಆ ದಿನ ಬಸ್ಸಿಳಿದವರು ಸೀದಾ ನಮ್ಮಲ್ಲಿಗೆ ಬಂದರು. ನೀರು ಕೊಟ್ಟೆ. ಲೋಟ ಕೈಯಲ್ಲೇ ಉಳಿಯಿತು.

"ಗಂಟಲಿನ ಚಿಂತೆ ಇಲ್ಲ ನನಗೆ," ಎಂದರು. "ಅತ್ತೆ ಕೊಟ್ಟದ್ದನ್ನು ನಾನು ಯಾರಿಗೂ ಕೊಡ್ಲಿಲ್ಲ. ಕೇಳಿ ಕೇಳಿ ಬರ್ತದೆ ಅಂತ ಗ್ರಹಿಸಿದೆ. ನಿಂಗೆ ಬರ್ತದಾ, ಹೇಳು?"

ಅವರು ಹೋದ ಮೇಲೆ ಹಾಡಿ ನೋಡಿದೆ. ಕೊನೆಯ ಚರಣಕ್ಕೆ ಬಂದಾಗ ನನ್ನ ಬಾಯಲ್ಲಿ ಬಂದದ್ದು ಹಾರ್ಮೋನಿಯಂನ ಚುರುಕು ರಾಗ. ಅವರ ಸ್ವರದ ಹಿಂದೆ ಮಾತ್ರ ನಡೆದವಳಿಗೆ ಮುಂದಿನ ದಾರಿ ಗೊತ್ತಿರಲಿಲ್ಲ.

ರೆಕಾರ್ಡ್ ಮಾಡಿಡುವ ಮಾತು ಬಂದದ್ದು ಭಾವನಾಳಿಂದ. ಕೌಸಲ್ಯಕ್ಕನ ಮೈದುನನ ಮಗಳು ಅವಳು. ಮಕ್ಕಳಿಗೆ ಕುಣಿತ ಭಜನೆ ಕಲಿಸುತ್ತಾಳೆ. "ದೊಡ್ಡಮ್ಮ, ನಿಮ್ಮ ರಾಗಕ್ಕೆ ಕುಣಿದ್ರೆ ಮಕ್ಕಳು ನಿಂತಲ್ಲೇ ನಿದ್ದೆ ಮಾಡ್ತಾರೆ" ಎಂದು ಹಿಂದೆ ತಮಾಷೆ ಮಾಡಿದ್ದವಳು ಈಗ ತಾನೇ ಓಡಾಡಿ ನಿಝಾಮನನ್ನು ಒಪ್ಪಿಸಿದಳು. ಕಡಬದಲ್ಲಿ ನಿಝಾಮನದು ಮೈಕು ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೂ ಉರೂಸಿಗೂ ನಮ್ಮ ಶನಿವಾರಕ್ಕೂ ಅವನದೇ ಮೈಕು. ಸಣ್ಣವನಿದ್ದಾಗಿನಿಂದ ಮಂದಿರದ ಕಂಬಕ್ಕೆ ಒರಗಿ ಕೂತು ನಮ್ಮ ಹಾಡೆಲ್ಲ ಕೇಳಿದವನು.

ಕೌಸಲ್ಯಕ್ಕನ ಗಂಡ ಕೃಷ್ಣಮೋಹನಣ್ಣನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ಹಾಡಬಾರದು ಅಂದದ್ದು ನಿಂಗೆ ಕೇಳ್ಳಿಲ್ವಾ? ಮಂಗಳ ಹಾಡಿ ಹಾಡಿ ಗಂಟಲಿಗೇ ಮಂಗಳ ಆಗುದು ಬೇಡ."

"ಒಂದೇ ಸಲ."

"ಒಂದೇ ಸಲ ಅಂತ ಕುಡುಕರೂ ಹೇಳುದು!"

"ನೀವು ಒಮ್ಮೆ ತೋಟಕ್ಕೆ ಹೋಗಿ ಬನ್ನಿ ಮಾರಾಯ್ರೆ. ಕೇಳಿದ್ರೆ ಅಲ್ವಾ ನಿಮಗೆ ಸಂಕಟ?"

ರೆಕಾರ್ಡಿನ ದಿನ ಅವರು ತೋಟಕ್ಕೆ ಹೋಗಲಿಲ್ಲ. ಅಂಗಳದಲ್ಲಿ ನಮಗೆ ಬೆನ್ನು ಹಾಕಿ ಕೂತರು.

ಭಾನುವಾರ ಮಧ್ಯಾಹ್ನದ ಮೇಲೆ ಸೇರಿದೆವು. ಕಿಟಕಿಗೆ ಹಾಸಿಗೆ ಒರಗಿಸಿದೆವು. ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ವೈರನ್ನೂ ಎಳೆದಿಟ್ಟೆವು. ಸೆಕೆಗೆ ಸೀರೆ ಬೆನ್ನಿಗೆ ಅಂಟುತ್ತಿತ್ತು. ನಿಝಾಮ ತನ್ನ ಮಿಕ್ಸರಿಗೆ ಪೆನ್‌ಡ್ರೈವ್ ಚುಚ್ಚಿ ಮೈಕನ್ನು ದೀಪದಿಂದ ಸ್ವಲ್ಪ ಈಚೆಗೆ ನಿಲ್ಲಿಸಿದ.

"ಉಮ್ಮ ಕಾಳುಮೆಣಸಿನ ಕಷಾಯ ಕೊಟ್ಟು ಕಳಿಸಿದ್ದಾರೆ ಅಕ್ಕ. ಕುಡಿದೇ ಹಾಡಬೇಕಂತೆ."

"ನಿನ್ನ ಉಮ್ಮನ ಕಷಾಯ ಕುಡಿದ್ರೆ ಗಂಟು ತಾನೇ ಓಡಿ ಹೋದೀತು," ಎಂದು ಕೌಸಲ್ಯಕ್ಕ ಲೋಟ ಬರಿದು ಮಾಡಿದರು. ಅದು ಖಾರವೋ, ಹೆದರಿಕೆಯೋ, ಕಣ್ಣು ತುಂಬಿತ್ತು.

ಮೈಕು ಸರಿಯುಂಟಾ ಎಂದು ನೋಡಲು ಅವರು ಹಾಡಲಿಲ್ಲ, ತಾಳ ತಾಗಿಸಿದರು. ಕಿವಿಗೆ ಹಿಡಿದರು. ನಾದ ಅಡಗಿದ ಮೇಲೆ ಎತ್ತಿಕೊಂಡರು.

ಸ್ವರ ಒಡೆದೇ ಇತ್ತು. ಆದರೆ ಆ ರಾಗಕ್ಕೆ ಅದು ಅಡ್ಡವಾಗಲಿಲ್ಲ. ಅವರು ಹೇಳಿದರು, ನಾವು ಹಿಂದಿನಿಂದ ಹೇಳಿದೆವು. ಮುಂದಿನ ಸಾಲನ್ನು ಅವರು ನಮ್ಮ ಕೊನೆಯ ಸ್ವರದಿಂದಲೇ ಎತ್ತಿಕೊಂಡು ಹೋದರು. ದೀಪ, ತುಳಸಿ, ಮನೆ ದೇವರು. ಕೊನೆಯ ಚರಣಕ್ಕೆ ಬಂದಾಗ ಅವರು ಕೂತಲ್ಲಿಂದ ಮೊಣಕಾಲೂರಿ ಎದ್ದರು. ಏರು ಬಂತು. ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಅಂಗಳದಲ್ಲಿ ಕೃಷ್ಣಮೋಹನಣ್ಣ ನಮ್ಮ ಕಡೆ ತಿರುಗಿ ಕೂತಿದ್ದರು. ಹಾಡು ಮುಗಿಯಿತು. ಕೌಸಲ್ಯಕ್ಕ ದೀಪಕ್ಕೆ ಕೈಮುಗಿದು, ಹೂವಿನ ಎಸಳಿನಿಂದ ಬತ್ತಿ ಸಣ್ಣದು ಮಾಡಿದರು.

ನಿಝಾಮ ಕೂತಲ್ಲೇ ವೈರು ಸುತ್ತುತ್ತಿದ್ದ. ಅರ್ಧ ಸುತ್ತಿದ್ದ ಕೈ ತಟ್ಟನೆ ನಿಂತಿತು.

ಮಂದಿರದಲ್ಲಿ ಮಂಗಳದ ಕೊನೆಯ ಚರಣಕ್ಕೆ ಆರತಿ ಎತ್ತುತ್ತಾರೆ, ಗಂಟೆ ಹೊಡೆಯುತ್ತಾರೆ. ಗಂಟೆಯ ಸದ್ದಿಗೆ ಮೈಕು ಕಿರುಚದ ಹಾಗೆ ನಿಝಾಮ ಆಗಲೇ ಗುಂಡಿ ತಿರುಗಿಸಿ ಸ್ವರ ಇಳಿಸುತ್ತಾನೆ, ವೈರು ಸುತ್ತಲು ಶುರು ಮಾಡುತ್ತಾನೆ. ಎಷ್ಟೋ ವರ್ಷದ ಶನಿವಾರಗಳ ಅಭ್ಯಾಸ. ಹಾಡಿನೊಳಗೆ ಮುಳುಗಿದ್ದವನ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು.

ಹಾಕಿ ಕೇಳಿದೆವು. ಮೂರು ಚರಣಗಳು ಚೆನ್ನಾಗಿದ್ದವು. ಮನೆ ದೇವರ ಚರಣ ಮುಗಿದು, ನಾವು ಹಿಂದಿನಿಂದ ಹೇಳಿ, ಕೌಸಲ್ಯಕ್ಕ ಉಸಿರು ಎಳೆದದ್ದು ಕೇಳಿತು. ಆಮೇಲೆ ಸ್ವರ ದೂರ ಹೋದ ಹಾಗೆ ಆಗಿ ಏನೂ ಇಲ್ಲ.

"ಅಕ್ಕ, ನನ್ನ ಕೈ ಕಡಿಬೇಕು," ಎಂದ ನಿಝಾಮ. "ಈಗಲೇ ಇನ್ನೊಮ್ಮೆ ಹಾಡಿ. ಕೊನೆಯದ್ದು ಮಾತ್ರ. ಆಣೆ, ಗುಂಡಿ ಮುಟ್ಟುದಿಲ್ಲ."

ಕೌಸಲ್ಯಕ್ಕ ಸಣ್ಣದು ಮಾಡಿದ ಬತ್ತಿಯ ಕಡೆ ನೋಡಿದರು. ಮಂಗಳವಾದ ಮೇಲೆ ಆ ದಿನ ಆ ದೀಪದ ಎದುರು ಮತ್ತೆ ಹಾಡುವಂತಿಲ್ಲ. ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತು.

"ದೇವರು ಎಂತ ಲೆಕ್ಕ ಇಡ್ತಾರಾ ದೊಡ್ಡಮ್ಮ?" ಭಾವನಾ ಅಳುವ ಹಾಗಿದ್ದಳು. "ಸ್ವರ ಉಂಟು ಈಗ. ನಾಳೆ ಇಲ್ಲದಿದ್ರೆ?"

"ಎಲೆ ಎತ್ತಿದ ಮೇಲೆ ಪಾಯಸ ಬಡಿಸುದಾ ಮಾರಾಯ್ತಿ?" ಎಂದರು ಕೌಸಲ್ಯಕ್ಕ. "ನಾಳೆ ಬನ್ನಿ. ಹಾಡ್ತೇನೆ." ಆಮೇಲೆ ನಿಝಾಮನಿಗೆ, "ನೀನು ಬೇಜಾರು ಮಾಡ್ಬೇಡ. ಮಂಗಳ ಅಂತ ಗೊತ್ತಾದದ್ದಕ್ಕೆ ಅಲ್ವಾ ನಿನ್ನ ಕೈ ಗುಂಡಿಗೆ ಹೋದದ್ದು?"

ಮನೆಗೆ ಬರುವಾಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಅವರ ನಿಷ್ಠೆ ನನಗೆ ಅರ್ಥವಾಗುವಂಥದ್ದೇ. ಆದರೂ ಆ ದಿನ ದೇವರು ಒಮ್ಮೆ ಕಣ್ಣು ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಕೇಳುತ್ತಾ ಬಂದೆ.

ಮರುದಿನ ಬೆಳಿಗ್ಗೆ ಕೃಷ್ಣಮೋಹನಣ್ಣ ರಬ್ಬರ್ ಮರ ಕೊರೆಯುವ ಕತ್ತಿ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದರು. ಕೌಸಲ್ಯಕ್ಕನಿಗೆ ಸ್ವರವೇ ಹೊರಡುತ್ತಿರಲಿಲ್ಲ. ಬಾಯಿ ಮುಕ್ಕಳಿಸಿದರೆ ನೀರು ಕೆಂಪಾಗುತ್ತಿತ್ತು. ಪುತ್ತೂರಿಗೆ ಹೋದವರನ್ನು ಅಲ್ಲಿಂದಲೇ ಮಂಗಳೂರಿಗೆ ಕಳುಹಿಸಿದರು. ಕಾರು ಹತ್ತುವಾಗ ಅವರು ನನ್ನ ಕೈ ಹಿಡಿದು ಏನೋ ಹೇಳಲು ನೋಡಿದರು. ಗಾಳಿ ಮಾತ್ರ ಬಂತು. "ಬಾಯಿ ಮುಚ್ಚು ಮಾರಾಯ್ತಿ, ದಮ್ಮಯ್ಯ," ಎಂದರು ಕೃಷ್ಣಮೋಹನಣ್ಣ. ಅವರ ಸ್ವರವೂ ಸರಿಯಿರಲಿಲ್ಲ.

ಗಂಟು ತೆಗೆದರು. ಕೆಟ್ಟ ಗಂಟಲ್ಲವಂತೆ. ಅಷ್ಟು ಕೇಳಿದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆದರೆ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು ಎಂದು ಹೇಳಿ ಕಳುಹಿಸಿದ್ದರು. ಮಾತಿನ ಸ್ವರ ಬಂದೀತು, ಹಾಡಿನದ್ದು ಹೇಳಲಾಗದು ಎಂದಿದ್ದರು.

ಆ ಶನಿವಾರ ಮಂದಿರದ ಭಜನೆ ಬೇಗ ಮುಗಿಸಿ ಎಲ್ಲರೂ ಅವರಲ್ಲಿಗೆ ಹೋದೆವು. ಮಂದಿರದಲ್ಲಿ ಮಂಗಳ ಹಾಡಿರಲಿಲ್ಲ. ಅವರ ದೀಪದ ಎದುರು ಹಾಡುವುದೆಂದು ಬಾಕಿ ಇಟ್ಟಿದ್ದೆವು. ನಿಝಾಮನೂ ಬಂದ, ಹೊಸಿಲಿನಿಂದ ಆಚೆ ಬೆಂಚಿನಲ್ಲಿ ಕೂತ.

ಭಾವನಾ ಫೋನಿನಲ್ಲಿ ಆ ರೆಕಾರ್ಡ್ ಹಾಕಿದಳು. ಮೂರು ಚರಣ ಅವರ ಸ್ವರದ ಹಿಂದೆ ಹೋದೆವು. ಆಮೇಲೆ ಆ ಉಸಿರು. ಆಮೇಲೆ ಏನೂ ಇಲ್ಲ. ನಾವೆಲ್ಲ ಕಡಿದ ಸೇತುವೆಯ ತುದಿಯಲ್ಲಿ ನಿಂತವರ ಹಾಗೆ ಆದೆವು. ಭಾವನಾ ಧೈರ್ಯ ಮಾಡಿ ಎತ್ತಿಕೊಂಡಳು. ತಪ್ಪಿತು. ಏರು ಅರ್ಧದಲ್ಲೇ ಚುರುಕು ರಾಗಕ್ಕೆ ಜಾರಿತು. ಕೌಸಲ್ಯಕ್ಕ ಕೈಯೆತ್ತಿ ತಡೆದರು. ಅವಳು ಇನ್ನೊಮ್ಮೆ ಎತ್ತಿದಳು. ಕೌಸಲ್ಯಕ್ಕನ ಅಂಗೈ ಗಾಳಿಯಲ್ಲಿ ಮೇಲೆ, ಇನ್ನೂ ಮೇಲೆ ಎಂದು ಏರಿತು. ಭಾವನಾಳ ಸ್ವರ ಅಲ್ಲಿಗೆ ಮುಟ್ಟದೆ ಒಡೆಯಿತು. ಅವಳು ಮುಖ ಮುಚ್ಚಿಕೊಂಡಳು. "ನಂಗೆ ಆಗುದಿಲ್ಲ ದೊಡ್ಡಮ್ಮ."

ಕೌಸಲ್ಯಕ್ಕನ ಮುಖ ನೋಡಲು ನನಗೆ ಕಷ್ಟವಾಯಿತು. ಗೊತ್ತಿದ್ದೂ ಹೇಳಿಕೊಡಲಾಗದೆ ಅವರ ಗಂಟಲಿನ ನರ ಎದ್ದು ನಿಂತಿತ್ತು. ಬಾಯಿ ತೆರೆಯಿತು. ಕೃಷ್ಣಮೋಹನಣ್ಣ "ಏ!" ಎಂದರು. ಮುಚ್ಚಿತು.

ಆಗ ನಿಝಾಮ ಬೆಂಚಿನಿಂದ ಎದ್ದು ಬಾಗಿಲಿಗೆ ಬಂದ.

"ಅಕ್ಕ, ಒಂದು ಮಾತು. ಮಂಗಳೂರಿನಲ್ಲಿ ನನ್ನ ದೋಸ್ತಿಯ ಸ್ಟುಡಿಯೋ ಉಂಟು. ಈಗ ಕಂಪ್ಯೂಟರಿಗೆ ಮೂರು ಚರಣ ಕೇಳಿಸಿದ್ರೆ ಸಾಕು, ನಾಲ್ಕನೆಯದ್ದು ನಿಮ್ಮದೇ ಸ್ವರದಲ್ಲಿ ಅದೇ ಹಾಡಿ ಕೊಡ್ತದೆ. ಕೇಳಿದವರಿಗೆ ಎಂತ ಗೊತ್ತೂ ಆಗುದಿಲ್ಲ. ಒಂದು ಪೈಸೆ ಬೇಡ. ನನ್ನ ಕೈ ಮಾಡಿದ ತಪ್ಪು. ಅಷ್ಟಾದ್ರೂ ಮಾಡ್ತೇನೆ, ಹೂಂ ಅನ್ನಿ."

ಆಸೆಯಾಯಿತು, ನನಗೇ ಆಯಿತು. ಅವರದೇ ಸ್ವರ ಇನ್ನೊಮ್ಮೆ ಆ ಚರಣ ಹಾಡುವುದು. ಆದರೆ ಮೂರು ಚರಣ ಕೇಳಿದ ಕಂಪ್ಯೂಟರಿಗೆ ನಾಲ್ಕನೆಯದ್ದು ಹೇಗೆ ಗೊತ್ತಾಗಬೇಕು? ಅವೆಲ್ಲ ಬಗ್ಗಿ ನೆಟ್ಟ ಚರಣಗಳು. ಸೊಂಟ ಎತ್ತಿದ್ದು ಅವುಗಳಲ್ಲಿ ಎಲ್ಲಿದೆ?

ಕೌಸಲ್ಯಕ್ಕ ನಿಝಾಮನನ್ನು ನೋಡಿದರು. ಸಿಟ್ಟಿರಲಿಲ್ಲ. ಅವನನ್ನು ಒಳಗೆ ಕರೆದು ಕೂರಿಸುವ ಹಾಗೆ ಕೈಯಿಂದ ಜಾಗ ತೋರಿಸಿದರು. ಮೆಲ್ಲಗೆ ತಲೆ ಅಲ್ಲಾಡಿಸಿದರು: ಬೇಡ.

ಅವನಿಗೆ ಸಾಲಲಿಲ್ಲ. "ಒಮ್ಮೆ ಮಾಡಿ ನೋಡುವ ಅಕ್ಕ."

ಮತ್ತೆ ತಲೆ ಅಲ್ಲಾಡಿಸಿ, ಭಾವನಾಳ ಮಡಿಲಲ್ಲಿದ್ದ ಫೋನನ್ನು ಅವರು ಎತ್ತಿ, ಇನ್ನು ಇದು ಬೇಡ ಎನ್ನುವ ಹಾಗೆ ನಿಝಾಮನ ಕೈಗೆ ಕೊಟ್ಟರು. ಆಮೇಲೆ ತಾಳಕ್ಕೆ ತಾಳ ತಾಗಿಸಿ, ಬಲಗೈಯದ್ದನ್ನು ತಮ್ಮ ಕಿವಿಗೆ ಹಿಡಿಯದೆ ಭಾವನಾಳ ಕಿವಿಗೆ ಹಿಡಿದರು.