ಗುರುಬಾಯಿಯ ಕಾಗದ ಓದಿಸಿದ ಮೇಡಂ

ಹುಮನಾಬಾದಿನ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಮೇಡಂ ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಯಾರು ಏನೇ ವಾದ ತೆಗೆದರೂ ದುಪಟ್ಟಾದಿಂದ ಕನ್ನಡಕ ಒರೆಸಿಕೊಳ್ಳುತ್ತ, "ಮೊದಲ ಓದ್ರಿ, ಆಮ್ಯಾಗ ಮಾತಾಡ್ರಿ" ಎನ್ನುತ್ತಿದ್ದರು. ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ಬರೆದ ನಮ್ಮ ಕಡೆಯ ಹಳೆಯ ಕಾಗದಗಳನ್ನು ಓದುವವರು ಇಲ್ಲವಾಗುತ್ತಾರೆಂದು, ಪಾಠ ಮುಗಿದ ಮೇಲೆ ಉರ್ದು ಲಿಪಿಯನ್ನೂ ಕಲಿಸುತ್ತಿದ್ದರು.

ಇತಿಹಾಸಕ್ಕೆ ನಾವಿದ್ದದ್ದು ಏಳೇ ಹುಡುಗಿಯರು. ವಿಭಾಗ ಮುಚ್ಚುವ ಮಾತು ಬಂದು, ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು.

"ಏಳು ಮಕ್ಕಳಿಗಾಗಿ ಸರ್ಕಾರ ಯಾಕೆ ಖರ್ಚು ಮಾಡಬೇಕು, ಮೇಡಂ?"

ಮೇಡಂ ಅಂದು ಮುಡಬಿ ಎಂಬ ಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆಸಿದ್ದರು. ಅಜ್ಜಿಯ ಟ್ರಂಕಿನಲ್ಲಿ ನಿಜಾಮನ ಕಾಲದ ಒಂದು ಕಾಗದವಿತ್ತು. ಅದರಲ್ಲೇನಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಡಂ ಅದನ್ನು ಅಧಿಕಾರಿಯ ಮುಂದಿಟ್ಟು, ನಮಗೆ ಹೇಳುತ್ತಿದ್ದ ಮಾತನ್ನೇ ಹೇಳಿದರು. ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಓದಲು ಬಾರದೆ ಮೇಜಿನ ಮೇಲಿಟ್ಟರು. ಆಗ ಮೇಡಂ ನನ್ನನ್ನು ಎಬ್ಬಿಸಿದರು.

ನಾನು ತಡವರಿಸುತ್ತ ಓದಿದೆ. ಗುರುಬಾಯಿ ಎಂಬಾಕೆ ತನ್ನ ಹೊಲದ ಬಾವಿಯನ್ನು ಊರಿನ ಎಲ್ಲ ಜಾತಿಯವರಿಗೂ ಬಿಟ್ಟುಕೊಟ್ಟಿದ್ದಳು.

"ಅಕಿ ನಮ್ಮ ಆಯಿ ರೀ, ನಮ್ಮಪ್ಪನ ಅವ್ವ!" ಎಂದು ಅಜ್ಜಿ ಎದ್ದು ನಿಂತಳು. "ಆ ಬಾವಿ ಗೌಡರು ಕೊಟ್ಟದ್ದು ಅಂತ ಊರ ಮಂದಿ ಹೇಳ್ತಾರಲ್ರೀ!"

ಅಧಿಕಾರಿ ನನ್ನಿಂದ ಮತ್ತೊಮ್ಮೆ ಓದಿಸಿ, ಅಷ್ಟನ್ನೂ ತಮ್ಮ ವರದಿಯಲ್ಲಿ ಬರೆದುಕೊಂಡರು. ವಿಭಾಗ ಉಳಿಯಿತು.

ಆ ಸುದ್ದಿ ಬಂದ ದಿನ ಮೇಡಂ ನಮ್ಮನ್ನೆಲ್ಲ ಮುಡಬಿಗೆ ಕರೆದೊಯ್ದರು. ಅಜ್ಜಿ ಆ ಬಾವಿಯಿಂದ ನೀರು ಸೇದಿ, ಮೊದಲ ಚೊಂಬನ್ನು ಮೇಡಂ ಕೈಗೆ ಕೊಟ್ಟಳು.