ಕಾಲುಂಗುರಕ್ಕೆ ಜಾಗ ಬಿಟ್ಟು

ಸೊರಬದಲ್ಲಿರುವ ನನ್ನ ವಾರಗಿತ್ತಿಗೆ ಹೋದ ವರ್ಷ ಹಿಮ್ಮಡಿ ನೋವು ಶುರುವಾಯಿತು. ನನಗಿಂತ ದೊಡ್ಡವರು, ಅಕ್ಕ ಅಂತಲೇ ಕರೆಯುತ್ತೇನೆ. ಚಪ್ಪಲಿ ಬಿಟ್ಟು ಲೇಸ್ ಇರುವ ಶೂ ಹಾಕಿ ಅಂದರು ಡಾಕ್ಟರು. ಮಗ ತಂದೂ ಕೊಟ್ಟ. ಒಂದು ದಿನ ಹಾಕಿ, ಬೆರಳು ಒತ್ತುತ್ತೆ ಅಂತ ಅಕ್ಕ ಅದನ್ನು ಡಬ್ಬಕ್ಕೇ ಸೇರಿಸಿದರು. ಕುಂಟುತ್ತಲೇ ಡೈರಿಗೆ ಹಾಲು ಹಾಕಿ ಬರುತ್ತಿದ್ದರು.

ನೋಡಿ ನೋಡಿ ಸೊಸೆ, "ಹಸು ಕೊಟ್ಟುಬಿಡೋಣ ಅತ್ತೆ, ನಿಮಗೂ ರೆಸ್ಟ್ ಆಗುತ್ತೆ" ಅಂದಳಂತೆ. ಅಕ್ಕ ಅವತ್ತೇ ನನಗೆ ಫೋನ್ ಮಾಡಿದರು. ಡೈರಿಗೆ ಹೋಗಿ ನಾಲ್ಕು ಜನರ ಹತ್ತಿರ ಮಾತಾಡಿ ಬರುವುದೊಂದೇ ಅವರಿಗಿರುವ ಔಟಿಂಗ್.

ಮಾರನೇ ದಿನ ಶಿಕಾರಿಪುರದಿಂದ ಬಸ್ಸು ಹತ್ತಿದೆ. ಶೂ ಹಾಕಿಸಿ ಮೇಲಿಂದ ಒತ್ತಿ ನೋಡಿದರೆ ಗಟ್ಟಿಯಾಗಿ ಸಿಕ್ಕಿದ್ದು ಕಾಲುಂಗುರ. ಹಳೇ ಕಾಲದ ದಪ್ಪ ಬೆಳ್ಳಿ. ಲೇಸ್ ಬಿಗಿದರೆ ಅದು ಬೆರಳಿಗೆ ಕಚ್ಚುತ್ತೆ, ಸಡಿಲ ಬಿಟ್ಟರೆ ಹಿಮ್ಮಡಿ ಜಾರುತ್ತೆ.

"ಅಷ್ಟೊತ್ತು ತೆಗೆದಿಡಿ ಅತ್ತೆ, ಏನಾಗುತ್ತೆ?" ಅಂದಳು ಸೊಸೆ.

"ನಿಮ್ಮ ಮಾವ ಅಲ್ಲಿ ದೋಸೆ ತಿಂತಾ ಕೂತಿದಾರೆ ಕಣೆ. ಈಗ್ಲೇ ತೆಗೀಲಾ?"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದು ದೋಸೆ ಆಗೋವರೆಗಾದ್ರೂ ಇರಲಿ ಮಾರಾಯ್ತಿ."

ನಾನು ಲೇಸ್ ಪೂರ್ತಿ ಬಿಚ್ಚಿದೆ. ಕಾನ್ವೆಂಟಿನಲ್ಲಿ ನಮಗೆಲ್ಲ ಬೆಳೆಯುವ ಕಾಲು ಅಂತ ದೊಡ್ಡ ಸೈಜಿನ ಕ್ಯಾನ್ವಾಸ್ ಶೂ ಕೊಡಿಸುತ್ತಿದ್ದರು. ಪಿ.ಟಿ. ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬೊಬ್ಬರ ಕಾಲು ನೋಡಿ ಬೇರೆ ಬೇರೆ ಥರ ಲೇಸ್ ಹಾಕಿಸುತ್ತಿದ್ದರು. ಕೈಗೆ ಅದು ಮರೆತಿರಲಿಲ್ಲ. ಬೆರಳಿನ ಕಡೆಯ ಮೊದಲ ಜೊತೆ ತೂತು ಖಾಲಿ ಬಿಟ್ಟು ಎರಡನೆಯದರಿಂದ ಶುರು ಮಾಡಿದೆ. ಮುಂದುಗಡೆ ಅಗಲವಾಯಿತು. ಮೇಲೆ ಕಣಕಾಲಿನ ಹತ್ತಿರ ಎರಡೂ ಪಕ್ಕಕ್ಕೆ ಒಂದೊಂದು ಕುಣಿಕೆ ಮಾಡಿ, ಈ ಕಡೆಯ ಲೇಸನ್ನು ಆ ಕಡೆಯ ಕುಣಿಕೆಯಲ್ಲಿ ತೂರಿಸಿ ಎಳೆದೆ. ಹಿಮ್ಮಡಿ ಕೂತಿತು.

"ನಿನ್ನ ಶೂಗೂ ಹಿಂಗೇ ಹಾಕ್ಕೊಂಡಿದೀಯಾ?" ಅಂತ ಬಾಗಿಲಲ್ಲಿ ನಾನು ಬಿಟ್ಟಿದ್ದ ಶೂ ನೋಡಿ ಅಕ್ಕ ಕೇಳಿದರು.

"ಇಲ್ಲ ಅಕ್ಕ. ನನ್ನದು ಮೊದಲ ತೂತಿಂದಲೇ."

ನನ್ನ ಯಜಮಾನರು ಹೋದ ಮೇಲೆ ನನ್ನ ಬೆರಳಲ್ಲಿ ಉಳಿದಿರುವುದು ಉಂಗುರ ಕೂತಿದ್ದ ತಗ್ಗು ಮಾತ್ರ. ಅಕ್ಕ ಒಂದು ಕ್ಷಣ ನನ್ನ ತಲೆ ಮೇಲೆ ಕೈ ಇಟ್ಟರು, ಆಮೇಲೆ ಅದೇ ತಲೆಯನ್ನು ಹಿಡಿದುಕೊಂಡು ಎದ್ದು ನಿಂತರು.

ಸಂಜೆಯ ಹಾಲಿಗೆ ಇಬ್ಬರೂ ಹೊರಟೆವು. ಕ್ಯಾನ್ ನಾನು ಹಿಡಿಯುತ್ತೇನೆ ಅಂದರೆ ಕೊಡಲಿಲ್ಲ. ಮೊದಮೊದಲು ಕಾಲನ್ನು ನೀರಿಗೆ ಇಡುವ ಹಾಗೆ ಇಡುತ್ತಿದ್ದರು. ತಿರುವಿನಾಚೆ ನನ್ನನ್ನೇ ಹಿಂದೆ ಹಾಕಿದರು.

ಡೈರಿಯಲ್ಲಿ ಹಾಲು ಅಳೆಯುವವನ ಕಣ್ಣು ಅಕ್ಕನ ಶೂ ಮೇಲೆ ಬಿತ್ತು. "ಏನ್ರೀ ಅಮ್ಮಾ, ಪೊಲೀಸ್ ಸೆಲೆಕ್ಷನ್ನಾ?"

"ಹೌದಪ್ಪಾ. ಹಾಲಿಗೆ ನೀರು ಹಾಕೋರನ್ನ ಹಿಡಿಯೋಕೆ. ಮೊದಲು ನಿಮ್ಮನೆಗೇ ಬರೋದು."

ಸರದಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಅಕ್ಕ ಅಲ್ಲೇ ಬಹಳ ಹೊತ್ತು ನಿಂತು ಮಾತಾಡಿದರು, ಒಮ್ಮೆಯೂ ಕೂರೋಕೆ ಕಟ್ಟೆ ಹುಡುಕಲಿಲ್ಲ.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಲೇಸ್ ಸಡಿಲಿಸಿದರು. ಪೂರ್ತಿ ಬಿಚ್ಚಬೇಡಿ ಅಂತ ತೋರಿಸಿಕೊಟ್ಟೆ. ಸೊಸೆ ಬಾಗಿಲಿಗೆ ಬಂದಳು. ಅಕ್ಕ ಅವಳ ಮುಖ ನೋಡದೆ, ಶೂ ಗೋಡೆಗೆ ಒರಗಿಸಿಡುತ್ತಾ ಹೇಳಿದರು:

"ಹಸುವಿಗೆ ಹಿಂಡಿ ಮುಗೀತಾ ಬಂತು. ನಿನ್ನ ಗಂಡಂಗೆ ನಾಳೆ ಒಂದು ಚೀಲ ತರೋಕೆ ಹೇಳು."